ಮೆಕ್ಸಿಕೋ ನೆಲದ ಹಳೆಯ ಸಿನಿಮಾಗಳು

ದೊಡ್ಡ ಟೋಪಿ, ಎದೆಗೆ ಗುಂಡಿನ ಪಟ್ಟಿ ಬಿಗಿದ ಡಕಾಯಿತ, ಗಡಿ ದಾಟಿ ತಲೆಮರೆಸಿಕೊಳ್ಳುವ ಅಮೆರಿಕನ್: ಹಾಲಿವುಡ್ ಮೆಕ್ಸಿಕೋವನ್ನು ಕಂಡದ್ದು ಹೆಚ್ಚಾಗಿ ಹೀಗೆ. ಅದೇ ಕಾಲಕ್ಕೆ ಮೆಕ್ಸಿಕೋದವರು ತಾವೇ ತೆಗೆದ ಚಿತ್ರಗಳಲ್ಲಿ ರೈತರು, ಹೂವಾಡಗಿತ್ತಿಯರು, ಬೀದಿ ಹುಡುಗರು ಇದ್ದರು. ಈ ಎರಡನ್ನೂ ಬೇರೆಬೇರೆಯಾಗಿ ನೋಡುವುದು ರೂಢಿ. ಆದರೆ ಪರದೆಯ ಮೇಲೆ ಬರುವ ಹೆಸರುಗಳನ್ನು ಗಮನಿಸಿದರೆ ಕೆಲವರು ಎರಡೂ ಕಡೆ ಸಿಗುತ್ತಾರೆ.

ಚಿನ್ನ ಮತ್ತು ಅನುಮಾನ

'ದಿ ಟ್ರೆಷರ್ ಆಫ್ ದಿ ಸಿಯೆರಾ ಮಾಡ್ರೆ' (1948) ಶುರುವಾಗುವುದು 1925ರ ತಾಂಪಿಕೊ ಬಂದರಿನಲ್ಲಿ. ದುಡಿದ ಕೂಲಿ ಕೈಗೆ ಸಿಗದೆ ಮೋಸಹೋದ ಇಬ್ಬರು ಅಮೆರಿಕನ್ನರು, ಚಿನ್ನ ಹುಡುಕುವುದರಲ್ಲಿ ಪಳಗಿದ ಮುದುಕನೊಬ್ಬನ ಜೊತೆ ಬೆಟ್ಟ ಹತ್ತುತ್ತಾರೆ. ಚಿನ್ನ ಸಿಗುತ್ತದೆ, ಅದರ ಬೆನ್ನಿಗೇ ಅನುಮಾನ. ಹಂಫ್ರಿ ಬೊಗಾರ್ಟ್‌ನ ಡಾಬ್ಸ್ ಮೆಲ್ಲಮೆಲ್ಲಗೆ ಬುದ್ಧಿ ಕಳೆದುಕೊಳ್ಳುವ ಪರಿ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಮುದುಕನಾಗಿ ನಟಿಸಿದ ವಾಲ್ಟರ್ ಹ್ಯೂಸ್ಟನ್‌ಗೂ, ಚಿತ್ರಕಥೆ ಬರೆದು ನಿರ್ದೇಶಿಸಿದ ಮಗ ಜಾನ್ ಹ್ಯೂಸ್ಟನ್‌ಗೂ ಒಂದೇ ವರ್ಷ ಆಸ್ಕರ್ ಬಂತು. ಸ್ಟುಡಿಯೊ ಬಿಟ್ಟು ಹೊರದೇಶಕ್ಕೆ ಹೋಗಿ ಚಿತ್ರೀಕರಿಸುವುದು ಆಗ ಹಾಲಿವುಡ್‌ನಲ್ಲಿ ಅಪರೂಪ. ಚಿತ್ರದ ಬಹುಪಾಲು ಹೊರಾಂಗಣವನ್ನು ಮೆಕ್ಸಿಕೋದಲ್ಲೇ ತೆಗೆದರು.

ಮೂಲ ಕಾದಂಬರಿ ಬಿ. ಟ್ರಾವೆನ್ ಎಂಬಾತನದು. ಜರ್ಮನ್‌ನಲ್ಲಿ ಬರೆದು, ಮೆಕ್ಸಿಕೋದಲ್ಲಿ ಬದುಕಿ, ತನ್ನ ಗುರುತನ್ನು ಕೊನೆಯವರೆಗೂ ಮುಚ್ಚಿಟ್ಟ ಲೇಖಕ. ಟ್ರಾವೆನ್‌ನ ಪ್ರತಿನಿಧಿ ಎಂದು ಹೇಳಿಕೊಂಡ ಹ್ಯಾಲ್ ಕ್ರೋವ್ಸ್ ಚಿತ್ರೀಕರಣದ ಜಾಗಕ್ಕೆ ಬಂದಿದ್ದ. ಆ ಕ್ರೋವ್ಸ್‌ನೇ ಟ್ರಾವೆನ್ ಎಂದು ಈಗ ಬಹುತೇಕರು ನಂಬುತ್ತಾರೆ.

ಗಡಿಯಾಚೆಯ ನೋಟ

ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958) ನಡೆಯುವುದು ಗಡಿಯೂರಿನಲ್ಲಿ, ಆದರೆ ಆ ಊರಿನ ಬೀದಿಗಳು ಕ್ಯಾಲಿಫೋರ್ನಿಯಾದ ವೆನಿಸ್‌ನವು. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುವಲ್ಲಿಂದ ಗಡಿ ದಾಟುವವರೆಗೆ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಕಟ್ ಇಲ್ಲದೆ ಸಾಗುವ ಮೊದಲ ಶಾಟ್ ಜಗತ್ಪ್ರಸಿದ್ಧ. ಮೆಕ್ಸಿಕನ್ ಅಧಿಕಾರಿಯಾಗಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಚಾರ್ಲ್ಟನ್ ಹೆಸ್ಟನ್ ಮಾತ್ರ ಇವತ್ತು ಕಣ್ಣಿಗೆ ಚುಚ್ಚುತ್ತಾನೆ.

ಸ್ಯಾಮ್ ಪೆಕಿನ್‌ಪಾನ 'ದಿ ವೈಲ್ಡ್ ಬಂಚ್' (1969) ಕ್ರಾಂತಿಕಾಲದ, 1913ರ ಕಥೆ. ಅದರ ಕ್ರೂರಿ ಜನರಲ್ ಮಪಾಚೆಯಾಗಿ ನಟಿಸಿದವನು ಎಮಿಲಿಯೊ ಫರ್ನಾಂಡೆಸ್. ಈತ ಬರೀ ಖಳನಟನಲ್ಲ, ಮೆಕ್ಸಿಕನ್ ಸಿನಿಮಾದ ಸುವರ್ಣಯುಗ ಕಟ್ಟಿದ ನಿರ್ದೇಶಕರಲ್ಲೊಬ್ಬ.

ಫಿಗೆರೋವಾನ ಆಕಾಶ

ಫರ್ನಾಂಡೆಸ್‌ನ 'ಮರಿಯಾ ಕಾಂಡೆಲಾರಿಯಾ' (1943) ಸೊಚಿಮಿಲ್ಕೊದ ಕಾಲುವೆಗಳ ನಡುವಿನ ಹೂದೋಟಗಳಲ್ಲಿ ನಡೆಯುತ್ತದೆ. ಊರಿನವರು ದೂರವಿಟ್ಟ ಮೂಲನಿವಾಸಿ ಹೆಣ್ಣಾಗಿ, ಹಾಲಿವುಡ್ ಬಿಟ್ಟು ಮರಳಿದ್ದ ಡೊಲೊರೆಸ್ ಡೆಲ್ ರಿಯೊ ನಟಿಸಿದಳು. 1946ರ ಕಾನ್ ಉತ್ಸವದಲ್ಲಿ ದೊಡ್ಡ ಬಹುಮಾನ ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು. ಕಥೆಯಲ್ಲಿ ಕಣ್ಣೀರು ತುಸು ಹೆಚ್ಚೇ. ಚಿತ್ರವನ್ನು ಉಳಿಸಿರುವುದು ಗೇಬ್ರಿಯೆಲ್ ಫಿಗೆರೋವಾನ ಕ್ಯಾಮೆರಾ: ಕಪ್ಪುಬಿಳುಪಿನಲ್ಲೂ ಭಾರವಾಗಿ ತೂಗುವ ಮೋಡಗಳು, ಕೆಳಗೆ ಚಿಕ್ಕದಾಗಿ ಕಾಣುವ ಮನುಷ್ಯರು.

ಇದೇ ಫಿಗೆರೋವಾ ಲೂಯಿಸ್ ಬುನ್ಯುಯೆಲ್‌ನ 'ಲೊಸ್ ಒಲ್ವಿಡಾಡೊಸ್' (1950) ಚಿತ್ರೀಕರಿಸಿದಾಗ ಆ ಚೆಲುವೆಲ್ಲ ಮಾಯ. ಮೆಕ್ಸಿಕೋ ನಗರದ ಕೊಳೆಗೇರಿಯ ಹುಡುಗರು ಕುರುಡನನ್ನೂ ಬಿಡದೆ ಹೊಡೆಯುತ್ತಾರೆ. ಬುನ್ಯುಯೆಲ್ ಯಾರ ಮೇಲೂ ಕನಿಕರ ಬೇಡುವುದಿಲ್ಲ. ದೇಶದ ಮಾನ ಕಳೆದ ಎಂಬ ಕೂಗೆದ್ದು ಚಿತ್ರ ಕೆಲವೇ ದಿನಗಳಲ್ಲಿ ಟಾಕೀಸಿನಿಂದ ಹೊರಬಿತ್ತು. ಮರುವರ್ಷ ಕಾನ್‌ನಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದ ಮೇಲೆ ಊರಲ್ಲೂ ಮರ್ಯಾದೆ ಸಿಕ್ಕಿತು. 2003ರಲ್ಲಿ ಯುನೆಸ್ಕೊ ಇದನ್ನು ತನ್ನ 'ವಿಶ್ವದ ನೆನಪು' ಪಟ್ಟಿಗೆ ಸೇರಿಸಿತು. ಮುಂದೆ ಜಾನ್ ಹ್ಯೂಸ್ಟನ್ ಪುಯೆರ್ತೊ ವಯಾರ್ತಾ ಬಳಿಯ ಕಡಲ ದಂಡೆಯಲ್ಲಿ 'ದಿ ನೈಟ್ ಆಫ್ ದಿ ಇಗ್ವಾನಾ' (1964) ತೆಗೆದಾಗಲೂ ಕ್ಯಾಮೆರಾ ಹಿಡಿದವನು ಫಿಗೆರೋವಾನೇ.

ಮಕಾರಿಯೊ

ಟ್ರಾವೆನ್‌ನ ಕಥೆ, ಫಿಗೆರೋವಾನ ಕ್ಯಾಮೆರಾ ಎರಡೂ ಒಟ್ಟಿಗೆ ಸಿಗುವುದು ರೊಬೆರ್ತೊ ಗವಾಲ್ಡೊನ್‌ನ 'ಮಕಾರಿಯೊ' (1960) ಚಿತ್ರದಲ್ಲಿ. ಸ್ಪೇನಿನವರ ಆಳ್ವಿಕೆಯ ಕಾಲ. ಸತ್ತವರ ಹಬ್ಬಕ್ಕೆ, ನಮ್ಮ ಹಿರಿಯರ ಹಬ್ಬದ ಎಡೆಯಂತೆಯೇ, ಮನೆಮನೆಯಲ್ಲೂ ತಿಂಡಿತಿನಿಸು ಜೋಡಿಸಿದ್ದಾರೆ. ಸೌದೆ ಹೊತ್ತು ಮಾರುವ ಮಕಾರಿಯೊನಿಗೆ ಒಂದೇ ಆಸೆ: ಒಂದಿಡೀ ಟರ್ಕಿ ಕೋಳಿಯನ್ನು ಯಾರಿಗೂ ಕೊಡದೆ ಒಬ್ಬನೇ ತಿನ್ನಬೇಕು. ಹೆಂಡತಿ ಕೋಳಿ ಕದ್ದು ಬೇಯಿಸಿ ಕೊಡುತ್ತಾಳೆ. ಕಾಡಿನಲ್ಲಿ ಸೈತಾನ ಬಂದು ಪಾಲು ಕೇಳುತ್ತಾನೆ, ದೇವರು ಕೇಳುತ್ತಾನೆ. ಮಕಾರಿಯೊ ಇಬ್ಬರಿಗೂ ಕೊಡುವುದಿಲ್ಲ. ಮೂರನೆಯವನಾಗಿ ಬಂದ ಸಾವಿಗೆ ಅರ್ಧ ಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಸಿಕ್ಕ ನೀರಿಗೆ ರೋಗ ಗುಣಪಡಿಸುವ ಶಕ್ತಿಯಿರುತ್ತದೆ, ಆದರೆ ರೋಗಿಯ ಕಾಲ ಬಳಿ ಸಾವು ನಿಂತಿದ್ದರೆ ಮಾತ್ರ. ತಲೆಯ ಬಳಿ ನಿಂತರೆ ಆ ಜೀವ ಸಾವಿನದೇ. ಗುಹೆಯ ತುಂಬ ಒಬ್ಬೊಬ್ಬ ಮನುಷ್ಯನ ಆಯಸ್ಸಿಗೆ ಒಂದೊಂದರಂತೆ ಉರಿಯುವ ಮೇಣದಬತ್ತಿಗಳ ದೃಶ್ಯ ಫಿಗೆರೋವಾನ ಕೆಲಸದಲ್ಲೇ ಶ್ರೇಷ್ಠವಾದದ್ದು ಎನ್ನಬಹುದು. ಮಕಾರಿಯೊ ಆಗಿ ಇಗ್ನಾಸಿಯೊ ಲೋಪೆಸ್ ತಾರ್ಸೊ ಹಸಿವನ್ನು ಕಣ್ಣಲ್ಲೇ ಆಡಿತೋರಿಸುತ್ತಾನೆ. ವಿದೇಶಿ ಭಾಷಾ ಚಿತ್ರಗಳ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಮೆಕ್ಸಿಕನ್ ಚಿತ್ರ ಇದು.

ಈ ಪೈಕಿ ಒಂದೇ ಒಂದನ್ನು ನೋಡುವಷ್ಟು ಪುರುಸೊತ್ತಿದ್ದರೆ 'ಮಕಾರಿಯೊ' ನೋಡಿ. ಕೊನೆ ಏನಾಗುತ್ತದೆಂದು ಮೊದಲೇ ಯಾರನ್ನೂ ಕೇಳಬೇಡಿ.