ಭವಿಷ್ಯದ ಕಲ್ಪನೆ: ಒಂದು ಧೂಮಕೇತುವಿನ ಚರಿತ್ರೆ

ಮುಂಬರುವುದನ್ನು ಅರಿಯಬೇಕೆಂಬ ಹಂಬಲ ಬಹಳ ಹಳೆಯದು. ಧರ್ಮ, ಕಲೆ, ವಿಜ್ಞಾನ, ತತ್ತ್ವಶಾಸ್ತ್ರಗಳಲ್ಲಿ ಅದು ತಳೆದ ರೂಪಗಳನ್ನು ಹ್ಯಾಲಿ ಧೂಮಕೇತುವೊಂದರ ಚರಿತ್ರೆಯಲ್ಲಿಯೇ ಗುರುತಿಸಬಹುದು.

ನಮ್ಮ ಹಿರಿಯರು ಬಾಲಚುಕ್ಕಿಯನ್ನು ಉತ್ಪಾತವೆಂದು ಬಗೆದಿದ್ದರು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಕೇತುಚಾರದಲ್ಲಿ ಧೂಮಕೇತುಗಳ ಬಣ್ಣ, ಆಕಾರ, ದಿಕ್ಕುಗಳನ್ನು ವಿವರಿಸಿ ಅವುಗಳ ಫಲವನ್ನು ಹೇಳುತ್ತಾನೆ. ಆದರೆ ಅವುಗಳ ಉದಯಾಸ್ತಗಳನ್ನು ಗಣಿತದಿಂದ ಅರಿಯಲಾಗದೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಗ್ರಹಣಗಳನ್ನು ಲೆಕ್ಕಹಾಕಬಲ್ಲ ಜ್ಯೋತಿರ್ವಿದನ ಈ ಮಾತು ಗಮನಾರ್ಹವಾದುದು. ಲೋಕದ ಭವಿಷ್ಯವನ್ನು ಸೂಚಿಸುವುದೆಂದು ನಂಬಲಾದ ಧೂಮಕೇತುವಿನ ಭವಿಷ್ಯವೇ ಅಂದು ಯಾರಿಗೂ ತಿಳಿದಿರಲಿಲ್ಲ.

ಯೂರೋಪಿನಲ್ಲಿಯೂ ಹಾಗೆಯೇ. 1066ರಲ್ಲಿ ಕಾಣಿಸಿದ ಇದೇ ಧೂಮಕೇತು ಬೇಯೋ ಕಸೂತಿಪಟದಲ್ಲಿದೆ. ಜನರು ಅದನ್ನು ಬೆರಳಿಟ್ಟು ತೋರುತ್ತಿದ್ದಾರೆ, ಇಂಗ್ಲೆಂಡಿನ ದೊರೆ ಹೆರಾಲ್ಡ್ ಕಳವಳಗೊಂಡಿದ್ದಾನೆ. ಆ ವರ್ಷವೇ ಅವನು ಯುದ್ಧದಲ್ಲಿ ಮಡಿದನು. 1301ರಲ್ಲಿ ಅದು ಮರಳಿ ಬಂದ ಕೆಲವೇ ವರ್ಷಗಳಲ್ಲಿ ಚಿತ್ರಕಾರ ಜೊಟ್ಟೊ, ಪಡುವಾದ ಪ್ರಾರ್ಥನಾಮಂದಿರದಲ್ಲಿ ಬೆತ್ಲೆಹೇಮಿನ ನಕ್ಷತ್ರವನ್ನು ಧೂಮಕೇತುವಾಗಿ ಬರೆದನು. ಕಸೂತಿಯಲ್ಲಿ ಕೇಡಿನ ಮುನ್ಸೂಚನೆಯಾದುದು ಇಲ್ಲಿ ಶುಭವಾರ್ತೆಯಾಯಿತು.

ಈ ಕಲ್ಪನೆಯನ್ನು ಬದಲಿಸಿದವನು ಎಡ್ಮಂಡ್ ಹ್ಯಾಲಿ. ನ್ಯೂಟನ್ನನ ಗುರುತ್ವನಿಯಮವನ್ನು ಅನ್ವಯಿಸಿ, 1531, 1607 ಮತ್ತು 1682ರ ಧೂಮಕೇತುಗಳು ಒಂದೇ ಎಂದೂ, 1758ರ ಸುಮಾರಿಗೆ ಅದು ಮರಳುವುದೆಂದೂ ಅವನು ಸಾರಿದನು. 1705ರಲ್ಲಿ ಅವನ ಗ್ರಂಥ ಪ್ರಕಟವಾದಾಗ ವಯಸ್ಸು ಐವತ್ತರ ಸಮೀಪದಲ್ಲಿತ್ತು. ಆ ದಿನವನ್ನು ತಾನು ಕಾಣಲಾರೆನೆಂಬುದನ್ನು ಅವನು ಅರಿತಿದ್ದಿರಬೇಕು. 1742ರಲ್ಲಿ ಅವನು ತೀರಿಕೊಂಡನು. ಮುಂದೆ ಕ್ಲೇರೋ, ಲಲಾಂಡ್ ಮತ್ತು ನಿಕೋಲ್ ಲೆಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಗಣಿಸಿ, ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದು 618 ದಿನ ತಡವಾಗುವುದೆಂದು ಕಂಡುಕೊಂಡರು. 1758ರ ಡಿಸೆಂಬರ್ 25ರಂದು ಜರ್ಮನಿಯ ರೈತ ಪಾಲಿಚ್ ಅದನ್ನು ಮೊದಲು ಕಂಡನು. ಸೂರ್ಯನಿಗೆ ಅತಿ ಸಮೀಪ ಬಂದ ದಿನವು ಲೆಕ್ಕಕ್ಕಿಂತ ಸುಮಾರು ಒಂದು ತಿಂಗಳು ಮಾತ್ರ ಮೊದಲಾಗಿತ್ತು.

ಈ ಗೆಲುವು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು. ನಾಳೆ ಕಡಲಯುದ್ಧ ನಡೆಯುವುದೆಂಬ ಮಾತು ಇಂದೇ ನಿಜವೋ ಸುಳ್ಳೋ ಆಗಿದ್ದರೆ ನಮ್ಮ ಆಲೋಚನೆಗೆ ಅರ್ಥವೇನು ಎಂದು ಅರಿಸ್ಟಾಟಲ್ ಕೇಳಿದ್ದನು. ವಿಶ್ವದ ಇಂದಿನ ಸ್ಥಿತಿಯನ್ನು ಸಂಪೂರ್ಣವಾಗಿ ಬಲ್ಲ ಬುದ್ಧಿಗೆ ಭವಿಷ್ಯವೆಲ್ಲ ಗೋಚರವೆಂದು 1814ರಲ್ಲಿ ಲಾಪ್ಲಾಸ್ ಬರೆದನು. ಆದರೆ ಮೂರು ಕಾಯಗಳ ಪರಸ್ಪರ ಚಲನೆಯಲ್ಲಿಯೂ ಎಳ್ಳಷ್ಟು ವ್ಯತ್ಯಾಸ ಮುಂದೆ ಬೆಟ್ಟದಷ್ಟಾಗಬಲ್ಲದೆಂದು ಶತಮಾನ ಕಳೆಯುವ ಮುನ್ನವೇ ಪ್ವಾಂಕಾರೆ ತೋರಿಸಿದನು. ಭಯವೂ ಅಳಿಯಲಿಲ್ಲ. 1910ರಲ್ಲಿ ಅದರ ಬಾಲದ ವಿಷಾನಿಲದಿಂದ ಲೋಕ ನಾಶವಾದೀತೆಂದು ಹೆದರಿದವರು ಮಾತ್ರೆಗಳನ್ನು ಕೊಂಡರು. ಈ ಸಲದ ಅಂಜಿಕೆಗೆ ವಿಜ್ಞಾನದ ಶೋಧನೆಯೇ ಕಾರಣವಾಗಿತ್ತು.

1986ರಲ್ಲಿ ಅದರ ಬಳಿಗೆ ಹೋದ ಯೂರೋಪಿನ ನೌಕೆಗೆ ಜೊಟ್ಟೊನ ಹೆಸರನ್ನೇ ಇಟ್ಟಿದ್ದರು. ಮುಂದಿನ ಆಗಮನ 2061ರಲ್ಲಿ. ಇಂದು ನಮ್ಮ ಗಡಿನಾಡಿನ ಶಾಲೆಗಳಲ್ಲಿ ಅಕ್ಷರ ತಿದ್ದುತ್ತಿರುವ ಮಕ್ಕಳು ಅದನ್ನು ಕಾಣುವರು. ಅದು ಬರುವುದೆಂಬುದನ್ನು ಗಣಿತ ಹೇಳಬಲ್ಲದು. ಅವರು ಅದನ್ನು ‘ಬಾಲಚುಕ್ಕಿ’ ಎಂದು ತಮ್ಮ ಮಕ್ಕಳಿಗೆ ತೋರಿಸುವರೇ ಎಂಬುದನ್ನು ಹೇಳಲಾರದು. ಅದು ನಾವು ಇಂದು ಮಾಡುವ ಕೆಲಸಕ್ಕೆ ಸೇರಿದ್ದು. ತಾನು ಕಾಣದ ನಾಳೆಗಾಗಿ ದುಡಿದ ಹ್ಯಾಲಿಯಿಂದ ನಾವು ಕಲಿಯಬೇಕಾದುದೂ ಅದನ್ನೇ.