ಒಂದು ರಾತಲು ಕಾಳು ಸಾಕೆ?

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ‘ಕ್ಯಾಲೊರಿ’ ಎಂಬ ಪದ ಇಂದು ಬೊಜ್ಜು ಕರಗಿಸಹೊರಟವರ ಮಾತಾಗಿದೆ. ಬೆಳಗಿನ ವಾಯುವಿಹಾರಕ್ಕೆ ಹೊರಟವರು, ವೈದ್ಯರ ಚೀಟಿ ಹಿಡಿದವರು, ಮದುವೆ ಮನೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿಯುವವರು ಎಲ್ಲರ ಬಾಯಲ್ಲೂ ಕ್ಯಾಲೊರಿಯ ಲೆಕ್ಕವೇ. ಆದರೆ ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಬೇಕು ಎಂಬ ಪ್ರಶ್ನೆ ದಕ್ಷಿಣ ಭಾರತದಲ್ಲಿ ಸರ್ಕಾರವನ್ನೇ ಇಬ್ಭಾಗ ಮಾಡಿದ್ದು ಹಸಿವಿನಿಂದ ಜನ ಸಾಯುತ್ತಿದ್ದ ಕಾಲದಲ್ಲಿ.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಮತ್ತು ಈಶ್ವರ ಸಂವತ್ಸರಗಳನ್ನು ವ್ಯಾಪಿಸಿದ ಆ ಬರ ಮದರಾಸು ಪ್ರಾಂತ, ಅದಕ್ಕೆ ಸೇರಿದ್ದ ಬಳ್ಳಾರಿ, ಮುಂಬೈ ಪ್ರಾಂತದ ದಖ್ಖನ್ ಜಿಲ್ಲೆಗಳು ಮತ್ತು ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯ ವೇಳೆಗೆ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಬರಗಾಲದ ಭೀಕರತೆಯನ್ನು ಹೇಳಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಜನರಿಗೆ ಕೆಲಸ ಕೊಟ್ಟು ಕೂಲಿ ಕೊಡುವುದು ಸರ್ಕಾರ ಕಂಡುಕೊಂಡಿದ್ದ ಉಪಾಯ. ಕೆರೆ ಅಗೆಯುವುದು, ರಸ್ತೆಗೆ ಜಲ್ಲಿ ಒಡೆಯುವುದು ಇಂಥ ಕಾಮಗಾರಿಗಳಿಗೆ ಸಾವಿರಾರು ಜನ ಸೇರುತ್ತಿದ್ದರು. ಖರ್ಚು ಏರುತ್ತಿರುವುದನ್ನು ಕಂಡ ವೈಸರಾಯ್ ಲಿಟ್ಟನ್, 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳುಹಿಸಿದ. ಮಿತವ್ಯಯವೇ ಟೆಂಪಲ್‌ನ ಮಂತ್ರ. ಗಂಡಾಳಿಗೆ ದಿನಕ್ಕೆ ಒಂದು ರಾತಲು ಧಾನ್ಯದ ಬೆಲೆ, ಉಪ್ಪು ಮೆಣಸಿನ ಖರ್ಚಿಗೆ ಒಂದಿಷ್ಟು ಪುಡಿಗಾಸು. ಇಷ್ಟು ಸಾಕು ಎಂದು ಆತ ಗೊತ್ತುಮಾಡಿದ. ಚರಿತ್ರೆಯಲ್ಲಿ ಇದು ‘ಟೆಂಪಲ್ ಕೂಲಿ’ ಎಂದೇ ಕುಖ್ಯಾತವಾಯಿತು.

ಇದನ್ನು ಎದುರಿಸಿದವರು ಸರ್ಕಾರದ ಒಳಗೇ ಇದ್ದ ಒಬ್ಬ ವೈದ್ಯರು. ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್, ದುಡಿಯುವ ದೇಹಕ್ಕೆ ಒಂದು ರಾತಲು ಧಾನ್ಯ ಸಾಲದು, ಕನಿಷ್ಠ ಒಂದೂವರೆ ರಾತಲು ಬೇಕು, ಅದರ ಜೊತೆ ಬೇಳೆ, ತರಕಾರಿಯೂ ಇರಬೇಕು ಎಂದು ವಾದಿಸಿದರು. ಕಾಗದದ ಮೇಲಿನ ಈ ಜಗಳ ನಡೆಯುತ್ತಿದ್ದಾಗಲೇ ಶಿಬಿರಗಳಲ್ಲಿ ಜನ ಬಡಕಲಾಗುತ್ತಿದ್ದರು. ಕಡೆಗೆ ಅದೇ ವರ್ಷ ಮದರಾಸು ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು. ಅಷ್ಟರಲ್ಲಿ ಅನೇಕರಿಗೆ ಕಾಲ ಮೀರಿತ್ತು.

ಇಂದಿನ ಲೆಕ್ಕದಲ್ಲಿ ಆ ಒಂದು ರಾತಲನ್ನು ತೂಗಿ ನೋಡಬಹುದು. ಒಂದು ರಾತಲೆಂದರೆ ಸುಮಾರು 454 ಗ್ರಾಂ. ಅಷ್ಟು ಅಕ್ಕಿಯಿಂದ ದೊರೆಯುವುದು 1,550 ಕ್ಯಾಲೊರಿಯ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2020ರಲ್ಲಿ ಸೂಚಿಸಿದಂತೆ, 65 ಕೆ.ಜಿ. ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ 2,110, ಕಷ್ಟದ ದುಡಿಮೆಯವನಾದರೆ 3,470 ಕ್ಯಾಲೊರಿ ಬೇಕು. ಬರಗಾಲದ ಕೂಲಿಯ ತೂಕ ಅಷ್ಟಿರಲಿಲ್ಲ, ನಿಜ. ಆದರೂ ಗುಮಾಸ್ತನಿಗೆ ಸಾಲದ ಊಟದಲ್ಲಿ ಕಲ್ಲು ಒಡೆಯಬೇಕಾಗಿತ್ತು ಎಂಬುದು ಸ್ಪಷ್ಟ.

ಕಾರ್ನಿಷ್ ಮತ್ತು ಟೆಂಪಲ್ ಇಬ್ಬರೂ ವಾದಿಸಿದ್ದು ರಾತಲು, ಔನ್ಸುಗಳಲ್ಲಿ. ಆಹಾರವನ್ನು ಕ್ಯಾಲೊರಿಯಲ್ಲಿ ಅಳೆಯುವ ರೂಢಿ ಆಗಿನ್ನೂ ಬಂದಿರಲಿಲ್ಲ. ಪದವೇನೋ ಹಳೆಯದೇ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖಕ್ಕೆ ಫ್ರಾನ್ಸಿನ ನಿಕೊಲಾ ಕ್ಲೆಮಾಂ 1820ರ ಸುಮಾರಿನಲ್ಲಿ ತಮ್ಮ ಪಾಠಗಳಲ್ಲಿ ಆ ಹೆಸರು ಬಳಸಿದ್ದರು. ಅದಕ್ಕೂ ಮೊದಲೇ ಅದೇ ದೇಶದ ಲಾವಾಸಿಯೆ, ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯುವಿಕೆ ಎಂದು ತೋರಿಸಿದ್ದರು. ಒಲೆಗೆ ಸೌದೆ ಹೇಗೋ ದೇಹಕ್ಕೆ ಅನ್ನ ಹಾಗೆ.

ಈ ಎರಡು ಎಳೆಗಳನ್ನು ಊಟದ ತಟ್ಟೆಗೆ ಗಂಟುಹಾಕಿದವರು ಅಮೆರಿಕದ ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ಅವರು ಒಬ್ಬ ಮನುಷ್ಯ ದಿನಗಟ್ಟಲೆ ಒಳಗೇ ಇರಬಹುದಾದ ಪುಟ್ಟ ಕೋಣೆಯೊಂದನ್ನು ಕಟ್ಟಿಸಿ, ಒಳಗಿದ್ದವನು ತಿಂದದ್ದು, ಉಸಿರಿದ್ದು, ಅವನ ಮೈಯಿಂದ ಹೊರಬಿದ್ದ ಶಾಖ ಎಲ್ಲವನ್ನೂ ಅಳೆದರು. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4, ಪ್ರೊಟೀನಿನಿಂದ 4, ಕೊಬ್ಬಿನಿಂದ 9 ಕ್ಯಾಲೊರಿ ಎಂಬ, ಇಂದಿಗೂ ಪೊಟ್ಟಣಗಳ ಲೆಕ್ಕಕ್ಕೆ ಆಧಾರವಾಗಿರುವ ಸೂತ್ರ ಅವರದೇ. ಒಂದು ಚಮಚ ಎಣ್ಣೆ ಹೆಚ್ಚಾದರೆ ಊಟದ ಲೆಕ್ಕವೇ ಏಕೆ ಮೇಲಕ್ಕೆ ಜಿಗಿಯುತ್ತದೆ ಎಂಬುದಕ್ಕೆ ಆ 9ರಲ್ಲಿ ಉತ್ತರವಿದೆ.

ಸ್ವಾರಸ್ಯವೆಂದರೆ, ಇಷ್ಟು ಕಟ್ಟುನಿಟ್ಟಾಗಿ ಅಳೆದ ಅಟ್‌ವಾಟರ್ ಬಡ ಕೂಲಿಕಾರರಿಗೆ ಕೊಟ್ಟ ಸಲಹೆ ಎಡವಟ್ಟಿನದಾಗಿತ್ತು. ಹಸಿರು ತರಕಾರಿಯಲ್ಲಿ ಕ್ಯಾಲೊರಿ ಕಡಿಮೆ, ಬೆಲೆ ಹೆಚ್ಚು. ಆದ್ದರಿಂದ ಬಡವನಿಗೆ ಅದು ದುಂದು ಎಂಬುದು ಅವರ ಎಣಿಕೆ. ಸೊಪ್ಪಿನಲ್ಲಿ ಕ್ಯಾಲೊರಿಯಲ್ಲದ ಬೇರೆ ಏನೋ ಇದೆ ಎಂಬುದನ್ನು ಅವರ ಕೋಣೆ ಹೇಳುವಂತಿರಲಿಲ್ಲ. ಜೀವಸತ್ವಗಳಿಗೆ ‘ವಿಟಮಿನ್’ ಎಂಬ ಹೆಸರು ಬಿದ್ದದ್ದೇ 1912ರಲ್ಲಿ.

ಆ ‘ಬೇರೆ ಏನೋ’ ಭಾರತದಲ್ಲಿ ಪ್ರಯೋಗಕ್ಕೆ ಒಳಪಟ್ಟದ್ದು ನೀಲಗಿರಿಯ ಕೂನೂರಿನಲ್ಲಿ. ಪಾಲಿಶ್ ಮಾಡಿದ ಅಕ್ಕಿ ತಿನ್ನುವವರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯರು 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದರು. ಇಂದಿನ ಹೈದರಾಬಾದಿನ ಸಂಸ್ಥೆಯ ಬೇರು ಇರುವುದು ಅಲ್ಲಿಯೇ. 1958ರಲ್ಲಿ ಅದು ಕೂನೂರಿನಿಂದ ಹೈದರಾಬಾದಿಗೆ ಹೋಯಿತು.

ಮೆಕ್‌ಕ್ಯಾರಿಸನ್ನರ ಪ್ರಸಿದ್ಧ ಪ್ರಯೋಗದಲ್ಲಿ ಕನ್ನಡಿಗರಿಗೂ ಒಂದು ಪಾತ್ರವಿತ್ತು ಎಂಬುದು ಹೆಚ್ಚು ಜನಕ್ಕೆ ತಿಳಿದಂತಿಲ್ಲ. ಒಂದೇ ವಯಸ್ಸಿನ, ಒಂದೇ ತೂಕದ ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಸಿಖ್ಖರ ಊಟ, ಇನ್ನೊಂದಕ್ಕೆ ಪಠಾಣರದು, ಮತ್ತೆ ಮರಾಠರದು, ಗೂರ್ಖರದು, ಕನ್ನಡಿಗರದು, ಬಂಗಾಳಿಗಳದು, ಮದರಾಸಿಗಳದು ಎಂದು ಬಡಿಸಲಾಯಿತು. ಕೊನೆಯಲ್ಲಿ ತೂಗಿದಾಗ ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ, ಮದರಾಸಿ ಊಟದವು 155 ಗ್ರಾಂ. ಕನ್ನಡಿಗರ ಇಲಿಗಳು 185 ಗ್ರಾಂ ತೂಗಿ, ಬಂಗಾಳಿಗಳಿಗಿಂತ ಕೂದಲೆಳೆಯಷ್ಟು ಮುಂದೆ, ಗೂರ್ಖರಿಗಿಂತ ಹಿಂದೆ ನಿಂತವು.

ಇಲಿಯ ತೂಕದಿಂದ ಒಂದು ಜನಾಂಗದ ಊಟಕ್ಕೆ ಅಂಕ ಕೊಡುವುದು ಇಂದು ನಗು ತರಿಸಬಹುದು. ಒಂದು ಸೀಮೆಯ ಜನರೆಲ್ಲ ಒಂದೇ ಊಟ ಉಣ್ಣುತ್ತಾರೆಂಬ ಕಲ್ಪನೆಯೂ ಒರಟು. ಮಲೆನಾಡಿನ ಮನೆಯ ಊಟ ಬೇರೆ, ಬಯಲುಸೀಮೆಯದು ಬೇರೆ. ಆದರೆ ಪ್ರಯೋಗದ ತಿರುಳು ಅಲ್ಲಿರಲಿಲ್ಲ. ಕೆಲವು ಜನ ಹುಟ್ಟಿನಿಂದಲೇ ಯೋಧರು, ಕೆಲವರು ಹುಟ್ಟಿನಿಂದಲೇ ದುರ್ಬಲರು ಎಂದು ಬ್ರಿಟಿಷ್ ಸೇನೆ ನಂಬಿದ್ದ ದಿನಗಳವು. ಒಂದೇ ತಳಿಯ ಇಲಿಗಳು ಊಟದ ವ್ಯತ್ಯಾಸದಿಂದಲೇ ದಷ್ಟಪುಷ್ಟವಾಗಿಯೋ ಬಡಕಲಾಗಿಯೋ ಬೆಳೆದದ್ದು ಆ ನಂಬಿಕೆಗೆ ಬಿದ್ದ ಪೆಟ್ಟು. ಸಿಖ್ಖರ ತಟ್ಟೆಯಲ್ಲಿದ್ದದ್ದು ಇಡೀ ಗೋಧಿಯ ಚಪಾತಿ, ಹಾಲು, ಮೊಸರು, ಬೆಣ್ಣೆ, ಬೇಳೆ, ತರಕಾರಿ. ಇನ್ನೊಂದು ತುದಿಯ ತಟ್ಟೆಯಲ್ಲಿ ಅನ್ನವೇ ಪ್ರಧಾನ. ಹಾಲು, ತರಕಾರಿ ಅತ್ಯಲ್ಪ. ಇಂಗ್ಲೆಂಡಿನ ಬಡವರ ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಹಾಕಿದ ಚಹಾದ ಊಟವನ್ನೂ ಅವರು ಇಲಿಗಳಿಗೆ ಕೊಟ್ಟು ನೋಡಿದರು. ಅವು ತಮ್ಮನ್ನು ನೋಡಿಕೊಳ್ಳುವವರನ್ನೇ ಕಚ್ಚತೊಡಗಿದವಂತೆ!

ಮೆಕ್‌ಕ್ಯಾರಿಸನ್ನರ ನಂತರ ಬಂದ ವಾಲೇಸ್ ಎಯ್‌ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಪುಟ್ಟ ಪುಸ್ತಿಕೆಯಾಗಿ ಹೊರತಂದರು. ಆ ಪರಂಪರೆಯ ಪಟ್ಟಿಗಳನ್ನು ತೆರೆದು ರಾಗಿ ಮತ್ತು ಬಿಳಿ ಅಕ್ಕಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಮತೋಲನವೆಂದರೇನು ಎಂಬುದು ಥಟ್ಟನೆ ಹೊಳೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 330 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 345. ಪ್ರೊಟೀನ್ ಎರಡರಲ್ಲೂ ಹೆಚ್ಚುಕಡಿಮೆ 7 ಗ್ರಾಂ. ಆದರೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ ರಾಗಿಯಲ್ಲಿ 340 ಮಿಲಿಗ್ರಾಂ ದಾಟಿದರೆ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕ್ಯಾಲೊರಿಯೊಂದನ್ನೇ ನೋಡುವವನ ಕಣ್ಣಿಗೆ ಮುದ್ದೆಯೂ ಅನ್ನವೂ ಒಂದೇ!

ಕ್ಯಾಲೊರಿ ಸಾಲದು ಎಂದು ತಿಳಿದ ಮೇಲೆ ಲೋಕ ಇನ್ನೊಂದು ತುದಿಗೆ ವಾಲಿತು. 1950–60ರ ದಶಕಗಳಲ್ಲಿ ಬಡ ಮಕ್ಕಳ ಎಲ್ಲ ರೋಗಕ್ಕೂ ಪ್ರೊಟೀನ್ ಕೊರತೆಯೇ ಕಾರಣವೆಂಬ ಅಭಿಪ್ರಾಯ ಬಲವಾಯಿತು. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಅಗ್ಗದ ಪ್ರೊಟೀನ್ ಆಹಾರವೊಂದನ್ನು ರೂಪಿಸಿತು. ಕೆಲಸ ಒಳ್ಳೆಯದೇ. ಆದರೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಹಳ್ಳಿಯ ಮಕ್ಕಳ ಊಟವನ್ನು ಅಳೆದಾಗ ಕಂಡ ಸತ್ಯ ಸರಳವಾಗಿತ್ತು: ಆ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಊಟವೇ ಸಾಲುತ್ತಿರಲಿಲ್ಲ. ಹೊಟ್ಟೆಗೆ ಸಾಲದ ಮಗುವಿಗೆ ಪ್ರೊಟೀನ್ ಕೊಟ್ಟರೆ ದೇಹ ಅದನ್ನೂ ಸೌದೆಯಾಗಿ ಉರಿಸಿಬಿಡುತ್ತದೆ. ದಿನಕ್ಕೆ 310 ಕ್ಯಾಲೊರಿ, ಬರೀ 3 ಗ್ರಾಂ ಪ್ರೊಟೀನ್ ಇದ್ದ ತಿನಿಸನ್ನು ಹೆಚ್ಚುವರಿಯಾಗಿ ಕೊಟ್ಟಾಗಲೇ ಮಕ್ಕಳು ಚೆನ್ನಾಗಿ ಬೆಳೆದದ್ದನ್ನು ಅವರು 1973ರಲ್ಲಿ ಪ್ರಕಟಿಸಿದರು.

ಅರ್ಥಶಾಸ್ತ್ರಜ್ಞರಿಗೂ ಕ್ಯಾಲೊರಿ ಅನುಕೂಲದ ಅಳತೆಗೋಲಾಯಿತು. ಪುಣೆಯ ದಾಂಡೇಕರ್ ಮತ್ತು ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲೊರಿ ಕೊಳ್ಳಲಾಗದವರನ್ನು ಬಡವರೆಂದು ಎಣಿಸಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ಗೆರೆ ಎಳೆಯಿತು. ಆ ಗೆರೆಯ ಆಚೆ ಈಚೆ ಎಷ್ಟೋ ಕುಟುಂಬಗಳ ಹಣೆಬರಹ ನಿಂತಿತ್ತು. 2009ರಲ್ಲಿ ತೆಂಡೂಲ್ಕರ್ ಸಮಿತಿ ಕ್ಯಾಲೊರಿಗೆ ಬಡತನವನ್ನು ನೇರವಾಗಿ ಕಟ್ಟಿಹಾಕುವುದನ್ನು ಕೈಬಿಟ್ಟಿತು.

ಈಗಿನ ಚಿಂತೆಯ ಸ್ವರೂಪ ಬೇರೆ. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆಂದು 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆ ಅಂದಾಜು ಮಾಡಿತು. 2024ರ ಆಹಾರ ಮಾರ್ಗಸೂಚಿಯ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ 45 ಮೀರಬಾರದು. ತರಕಾರಿ, ಹಣ್ಣು, ಬೇಳೆ, ಹಾಲು ಉಳಿದದ್ದನ್ನು ತುಂಬಬೇಕು. ತಟ್ಟೆಯ ಮುಕ್ಕಾಲು ಭಾಗ ಅನ್ನ, ಮೂಲೆಯಲ್ಲೊಂದಿಷ್ಟು ಪಲ್ಯ ಇರುವ ಮನೆಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಬೇಳೆ, ಹಣ್ಣಿನ ಬೆಲೆ ಕೇಳಿದವರಿಗೆ ಅದರ ಕಷ್ಟ ಗೊತ್ತು.

ಕಾರ್ನಿಷ್ ಕೇಳಿದ ಬೇಳೆ, ತರಕಾರಿ ಮಾತ್ರ ಈಗ ಸರ್ಕಾರಿ ಆದೇಶದೊಳಗೆ ಸೇರಿವೆ. ಪ್ರಾಥಮಿಕ ಶಾಲೆಯ ಬಿಸಿಯೂಟದಲ್ಲಿ ಪ್ರತಿ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್ ಇರಬೇಕು. ಅದಕ್ಕಾಗಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಯಮ ಹೇಳುತ್ತದೆ. ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಇದಕ್ಕೆ ಹಾಲು ಕೂಡಿಕೊಂಡಿತು, ಆಮೇಲೆ ಮೊಟ್ಟೆ ಅಥವಾ ಬಾಳೆಹಣ್ಣು ಬಂತು. 2024ರಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟ್ ಕೊಡುವುದೂ ಆರಂಭವಾಯಿತು.