ಗಾಡಿ ಬಿಚ್ಚುವ ಜಾಗ

ನನ್ನ ಬಾಲ್ಯದಲ್ಲಿ ಕಟ್ಟೆಮಳಲವಾಡಿಯ ನಮ್ಮ ಮನೆಗೆ ನೆಂಟರು ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಗಾಡಿಯನ್ನು ಹಿತ್ತಲಿಗೆ ಹೊಡೆಸಿ, ಎತ್ತು ಬಿಚ್ಚಿ, ಮೂಕಿಯನ್ನು ನೆಲಕ್ಕಿಳಿಸಿದ ಮೇಲೆಯೇ ಕಾಲು ತೊಳೆಯಲು ನೀರು. ಗಾಡಿ ಬೀದಿಯಲ್ಲೇ ನಿಂತಿದ್ದರೆ ಅಜ್ಜನವರಿಗೆ ಸಿಟ್ಟು. "ಬೀದಿ ನಮ್ಮಪ್ಪಂದಲ್ಲ ಕಣಯ್ಯಾ" ಎನ್ನುತ್ತಿದ್ದರು.

ಮನೆಯ ವಾಹನಕ್ಕೆ ಮನೆಯಲ್ಲೇ ನೆಲೆ ಎಂಬ ಈ ಪದ್ಧತಿ ಪಟ್ಟಣಗಳಲ್ಲಿ ಕಾನೂನಾದದ್ದು ಮೋಟಾರು ಬಂದ ಮೇಲೆ. ಅಮೆರಿಕದ ಕೊಲಂಬಸ್ ನಗರವು 1923ರಲ್ಲಿಯೇ ವಸತಿ ಸಮುಚ್ಚಯಗಳಿಗೆ ಇಂಥ ನಿಯಮ ವಿಧಿಸಿತು. ನಮ್ಮಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಗರಗಳಿಗೆ ಮಹಾಯೋಜನೆಗಳು ರೂಪುಗೊಂಡವು. 2007ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳಲ್ಲಿ, ಯಾವ ಕಟ್ಟಡಕ್ಕೆ ಎಷ್ಟು ಕಾರುಗಳ ಜಾಗವಿರಬೇಕೆಂಬ ಕೋಷ್ಟಕವೇ ಇದೆ.

ಹಳೆಯ ಅಭ್ಯಾಸ, ಒಂದು ಲೆಕ್ಕ ಮಾಡೋಣ. ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಒಂದು ಕಾರಿಗೆ, ಓಡಾಟದ ಜಾಗವೂ ಸೇರಿ, ಬಯಲಿನಲ್ಲಿ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಬೇಕು. 30x40 ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಹಾಗಾದರೆ ನಿವೇಶನದ ಐದನೆಯ ಒಂದು ಭಾಗ ಒಂದೇ ಕಾರಿಗೆ! ಆಸೆ ಹುಟ್ಟುವುದು ಇಲ್ಲಿಯೇ.

ಆ ಆಸೆಗೆ ನಾನೂ ಬಿದ್ದೆ. ಮೈಸೂರಿನಲ್ಲಿ ಮನೆ ಕಟ್ಟಿಸಿದಾಗ ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ್ದ ಜಾಗಕ್ಕೆ ಷಟರ್ ಹಾಕಿಸಿ ದರ್ಜಿಯೊಬ್ಬರಿಗೆ ಬಾಡಿಗೆಗೆ ಕೊಟ್ಟೆ; ಕಾರು ಬೀದಿಗೆ ಬಂತು. ತರಗತಿಯಲ್ಲಿ ಪೌರನೀತಿ ಬೋಧಿಸಿದವನು ನಾನು! ಒಂದು ರಾತ್ರಿ ಪಕ್ಕದ ಮನೆಯ ತಾಯಿಗೆ ಎದೆನೋವು ಬಂತು. ನನ್ನ ಕಾರು, ಎದುರು ಮನೆಯವರ ಕಾರು ಇವೆರಡರ ನಡುವೆ ಆಂಬ್ಯುಲೆನ್ಸ್ ನುಗ್ಗಲಾಗಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ತಿರುವಿನವರೆಗೆ ಹೊತ್ತೆವು. ಅವರು ಬದುಕಿಕೊಂಡರು, ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಶಿಕ್ಷೆಯಾಯಿತು. ದರ್ಜಿಗೆ ಬೇರೆ ಅಂಗಡಿ ಹುಡುಕಿಕೊಟ್ಟು ಷಟರ್ ತೆಗೆಸಿದೆ.

ಇಂಥ ಉಲ್ಲಂಘನೆಗಳು ಹೆಚ್ಚಿದಾಗ ಸರ್ಕಾರವು ದಂಡ ಪಡೆದು ಸಕ್ರಮಗೊಳಿಸಲು ಹೊರಟಿತು. 'ಅಕ್ರಮ–ಸಕ್ರಮ'ವನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ 'ಪಾರ್ಕಿಂಗ್ ನೀತಿ 2.0' ಬೇರೊಂದು ದಾರಿ ಹಿಡಿದು, ಬೀದಿಯಲ್ಲಿ ನಿಲ್ಲಿಸುವುದಕ್ಕೇ ಬೆಲೆ ಕಟ್ಟಬೇಕೆಂದಿತು. ಅಮೆರಿಕದ ಬಫೆಲೊ ನಗರವಂತೂ 2017ರಲ್ಲಿ ಕನಿಷ್ಠ ಪಾರ್ಕಿಂಗ್ ನಿಯಮವನ್ನೇ ಕೈಬಿಟ್ಟಿತು.

ಅಷ್ಟು ದೂರ ಹೋಗಬೇಕೆಂದು ನಾನು ಹೇಳಲಾರೆ. ಆದರೆ ನಮ್ಮ ಕಡೆಯೂ ಹೊಸ ಬಡಾವಣೆಗಳು ಏಳುತ್ತಿವೆ. ಕೋಷ್ಟಕದಲ್ಲಿ ಅಂಕಿ ಹೆಚ್ಚಿಸಿದರೆ ಸಾಲದು. ಕಟ್ಟಡ ಮುಗಿದ ಮೇಲೂ ಆ ಜಾಗ ವಾಹನಕ್ಕೇ ಉಳಿದಿದೆಯೇ ಎಂದು ನೋಡುವವರು ಬೇಕು. ಸಣ್ಣ ನಿವೇಶನಗಳವರಿಗೆ ಬಡಾವಣೆಯಲ್ಲೇ ಒಂದು ಸಾಮಾನ್ಯ ನಿಲುಗಡೆಯ ಜಾಗವಿರಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮನೆ ಕಟ್ಟಿಸುತ್ತಿದ್ದೀರಿ. ನಕ್ಷೆಗೆ ಸಹಿ ಹಾಕುವಾಗ ನಮ್ಮ ಅಜ್ಜನವರ ಮಾತನ್ನು ಒಮ್ಮೆ ನೆನೆಯಿರಿ.